ಆಕಾಶದಲ್ಲೊಂದು ಗುಂತಕಲ್ಲು: ವಿಮಾನಗಳು ಬೆಂಗಳೂರಿನ ಮೂಲಕವೇ ಏಕೆ?

ಜಂಕ್ಷನ್ ಎಂದರೇನೆಂದು ಆದೋನಿಯ ಕಡೆಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಯಚೂರು, ಬಳ್ಳಾರಿ, ಬೆಂಗಳೂರು, ಚೆನ್ನೈ, ನಂದ್ಯಾಲ ಕಡೆಯ ಹಳಿಗಳು ಗುಂತಕಲ್ಲಿನಲ್ಲಿ ಕೂಡುತ್ತವೆ. ಪ್ರತಿ ಊರಿನಿಂದ ಪ್ರತಿ ಊರಿಗೂ ನೇರ ರೈಲು ಓಡಿಸಲಾಗದು. ಆದ್ದರಿಂದ ಅಲ್ಲಿ ಇಳಿದು ಮತ್ತೊಂದು ಗಾಡಿ ಹತ್ತುತ್ತೇವೆ. ವಿಮಾನ ಸಂಸ್ಥೆಗಳ ಲೆಕ್ಕವೂ ಬಹುಮಟ್ಟಿಗೆ ಇದೇ. ಬಂಡಿಯ ಗಾಲಿಯಲ್ಲಿ ಅರಗಳೆಲ್ಲ ನಡುವಿನ ಗುಂಬದಲ್ಲಿ ಸೇರುವಂತೆ, ಹಲವು ಮಾರ್ಗಗಳು ಕೂಡುವ ನಿಲ್ದಾಣವನ್ನು ‘ಹಬ್’ ಎನ್ನುತ್ತಾರೆ.

ಹತ್ತು ಊರುಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಲು 45 ಮಾರ್ಗಗಳು ಬೇಕು. ಅವುಗಳಲ್ಲೊಂದನ್ನು ಹಬ್ ಮಾಡಿಕೊಂಡರೆ ಒಂಬತ್ತೇ ಸಾಕು. ಅಮೆರಿಕದಲ್ಲಿ 1978ರಲ್ಲಿ ಮಾರ್ಗ ಹಾಗೂ ದರಗಳ ಮೇಲಿನ ಸರ್ಕಾರಿ ನಿಯಂತ್ರಣ ಸಡಿಲಗೊಂಡ ಬಳಿಕ ಈ ಪದ್ಧತಿ ಬಲವಾಗಿ ಬೆಳೆಯಿತು.

ನಮ್ಮ ಓರ್ವಕಲ್ಲನ್ನೇ ನೋಡೋಣ. ಉಯ್ಯಾಲವಾಡ ನರಸಿಂಹ ರೆಡ್ಡಿಯವರ ಹೆಸರಿನ ಈ ನಿಲ್ದಾಣದಿಂದ 2021ರ ಮಾರ್ಚ್ 28ರಂದು ಉಡಾನ್ ಯೋಜನೆಯಡಿ ಬೆಂಗಳೂರು, ಚೆನ್ನೈ, ವಿಶಾಖಪಟ್ಟಣಗಳಿಗೆ ಇಂಡಿಗೊ ಸಂಚಾರ ಆರಂಭವಾಯಿತು. ಕರ್ನೂಲಿನಿಂದ ದಿಲ್ಲಿಗೋ ಮುಂಬಯಿಗೋ ಹೋಗುವವರಷ್ಟರಿಂದಲೇ ದಿನಕ್ಕೊಂದು ವಿಮಾನ ತುಂಬುವುದು ಕಷ್ಟ. ಆದರೆ ದಿಲ್ಲಿಯವರು, ಮುಂಬಯಿಯವರು, ಬೆಂಗಳೂರಿನಲ್ಲೇ ಇಳಿಯುವವರು ಒಂದೇ ಸಣ್ಣ ವಿಮಾನದಲ್ಲಿ ಕೂತರೆ ಆಸನಗಳು ತುಂಬುತ್ತವೆ. ದೇವನಹಳ್ಳಿಯಲ್ಲಿ ಅವರು ತಂತಮ್ಮ ದಾರಿ ಹಿಡಿಯುತ್ತಾರೆ.

ಇದರಲ್ಲಿ ಅಪಾಯವೂ ಇದೆ. ಸಣ್ಣ ಊರಿನ ಪಾಲಿಗೆ ಆ ಒಂದು ಅರವೇ ಆಧಾರ. ಉಡಾನ್ ನೆರವು ಕಾಯಂ ಅಲ್ಲ, ಸಾಮಾನ್ಯವಾಗಿ ಮೂರು ವರ್ಷಗಳದ್ದು. ಆಸನಗಳು ಖಾಲಿ ಉಳಿದು ಬೆಂಗಳೂರಿನ ಸಂಚಾರ ನಿಂತರೆ, ಅದರ ಆಚೆಗಿನ ಊರುಗಳ ದಾರಿಯೂ ಒಮ್ಮೆಗೇ ಮುಚ್ಚುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ದೂರದ ಊರುಗಳಿಗೆ ಪ್ರವೇಶ ಪರೀಕ್ಷೆಗೋ ಸಂದರ್ಶನಕ್ಕೋ ಹೊರಡುವ ದಿನ ಈ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ. ವಿಮಾನ ಬದಲಿಸಬೇಕಿದ್ದರೆ ಎರಡೂ ಹಂತಗಳನ್ನು ಒಂದೇ ಟಿಕೆಟ್ಟಿನಲ್ಲಿ ಪಡೆಯುವುದು ಲೇಸು. ಆಗ ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಬದಲಿ ವ್ಯವಸ್ಥೆ ಸಂಸ್ಥೆಯ ಹೊಣೆ. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಎರಡನೆಯದರ ಹಣ ಸಾಮಾನ್ಯವಾಗಿ ನಮ್ಮದೇ ನಷ್ಟ. ಸಣ್ಣ ನಿಲ್ದಾಣಗಳಿಂದ ಎಲ್ಲ ದಿನವೂ ವಿಮಾನ ಇರುವುದಿಲ್ಲವಾದ್ದರಿಂದ ವೇಳಾಪಟ್ಟಿ ನೋಡಿಯೇ ದಿನ ಗೊತ್ತುಮಾಡಬೇಕು. ಆದೋನಿಯಿಂದ ಓರ್ವಕಲ್ಲಿಗೆ ಕರ್ನೂಲನ್ನೂ ದಾಟಿ ಹೋಗಬೇಕು. ಆ ಹೊತ್ತನ್ನೂ ಖರ್ಚನ್ನೂ ಕೂಡಿ ನೋಡಿದರೆ, ಕೆಲವರಿಗೆ ರಾತ್ರಿಯ ರೈಲಿನಲ್ಲಿ ಬೆಂಗಳೂರು ಸೇರಿ ಅಲ್ಲಿಂದ ವಿಮಾನ ಹತ್ತುವುದೇ ಹಗುರವಾದೀತು.