ಊರಿನಲ್ಲಿ ಕನ್ನಡಿಗರೆಷ್ಟು? ಎಣಿಸುವ ಮೊದಲು ಇಷ್ಟು ತಿಳಿದಿರಲಿ

ಗಡಿನಾಡಿನ ಸಭೆಗಳಲ್ಲಿ "ನಮ್ಮ ಊರಿನಲ್ಲಿ ಕನ್ನಡಿಗರೇ ಹೆಚ್ಚು" ಎಂಬ ಮಾತು ಆಗಾಗ ಕೇಳಿಬರುತ್ತದೆ. ಕಚೇರಿಗೆ ಹೋದರೆ ಅಲ್ಲಿನ ಕಡತದಲ್ಲಿ ಬೇರೆಯೇ ಅಂಕಿ ಇರುತ್ತದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದೇನಿಲ್ಲ. ಇಬ್ಬರೂ ಎಣಿಸಿದ್ದು ಬೇರೆ ಬೇರೆಯಾಗಿರಬಹುದು. ಸಮಾಜ ವಿಜ್ಞಾನದ ವಿದ್ಯಾರ್ಥಿಗಳು ಕಲಿಯುವ ನಾಲ್ಕು ಸರಳ ಪಾಠಗಳು ಈ ಗೊಂದಲವನ್ನು ಬಿಡಿಸುತ್ತವೆ.

ಅಂಕಿಯ ಮೇಲೆ ನಮ್ಮ ಹಕ್ಕುಗಳೂ ನಿಂತಿವೆ. 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದ ನಿರ್ಣಯದಂತೆ, ಪ್ರಾಥಮಿಕ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕರನ್ನಾದರೂ ಕೊಡಬೇಕು. ಜಿಲ್ಲೆ, ತಾಲೂಕು ಅಥವಾ ಪುರಸಭೆಯಲ್ಲಿ ಭಾಷಾ ಅಲ್ಪಸಂಖ್ಯಾತರು ಶೇ. 15ರಿಂದ 20ರಷ್ಟಿದ್ದರೆ ಮುಖ್ಯ ಸರಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕೆಂದು 1956ರ ಕೇಂದ್ರ ಸರಕಾರದ ಜ್ಞಾಪನಾಪತ್ರ ಹೇಳುತ್ತದೆ.

ಮೊದಲ ಪಾಠ: ಪ್ರಶ್ನೆ ಏನು?

ಜನಗಣತಿಯಲ್ಲಿ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ನಮ್ಮೊಡನೆ ಆಡಿದ ಭಾಷೆ. ಮಂಜೇಶ್ವರದ ಒಂದು ಮನೆಯನ್ನು ನೋಡಿ. ಮನೆಮಾತು ತುಳು, ಮಕ್ಕಳು ಓದುವುದು ಕನ್ನಡ, ಪೇಟೆಯಲ್ಲಿ ಮಲಯಾಳಂ. ಗಣತಿಯಲ್ಲಿ ಇವರು ತುಳುವರು. "ಯಾವ ಭಾಷೆಯಲ್ಲಿ ಓದಿದಿರಿ?" ಎಂದು ಕೇಳಿದರೆ ಇವರೇ ಕನ್ನಡದವರು. ಎರಡೂ ಉತ್ತರ ನಿಜ. ನೀಲಗಿರಿಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಬಡಗ ಎಂದು ಬರೆಸಿದವರನ್ನು 2011ರ ಗಣತಿ ಕನ್ನಡದ ಗುಂಪಿಗೇ ಸೇರಿಸಿದೆ. ಹೀಗೆ ಸೇರಿದವರು 1.33 ಲಕ್ಷ. ಆದ್ದರಿಂದ ಅಂಕಿ ನೋಡುವ ಮೊದಲು ಕೇಳಿದ ಪ್ರಶ್ನೆಯನ್ನೂ ಗುಂಪು ಮಾಡಿದ ರೀತಿಯನ್ನೂ ನೋಡಬೇಕು.

ಎರಡನೇ ಪಾಠ: ಯಾರನ್ನು ಕೇಳಿದರು?

ಜನಗಣತಿ ಮನೆ ಮನೆಗೂ ಹೋಗುತ್ತದೆ. ಕಾಲೇಜು ವಿದ್ಯಾರ್ಥಿಗಳ ಸಮೀಕ್ಷೆಗೆ ಅದು ಸಾಧ್ಯವಿಲ್ಲ. ಕೆಲವರನ್ನು ಆರಿಸಿಕೊಳ್ಳುತ್ತಾರೆ. ಇದನ್ನು ಮಾದರಿ ಎನ್ನುತ್ತಾರೆ. ಕನ್ನಡ ಶಾಲೆಯ ಗೇಟಿನಲ್ಲಿ ನಿಂತು ಕೇಳಿದರೆ ಊರೆಲ್ಲ ಕನ್ನಡವೇ ಎನಿಸುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ಬೇರೆ ಉತ್ತರ. ಮತದಾರರ ಪಟ್ಟಿ ಹಿಡಿದು ಚೀಟಿ ಎತ್ತಿ ಆರಿಸುವುದೇ ನ್ಯಾಯದ ದಾರಿ. ಚೀಟಿಯಲ್ಲಿ ಬಂದ ಮನೆಗೆ ಬೀಗ ಹಾಕಿದ್ದರೆ ಇನ್ನೊಂದು ದಿನ ಹೋಗಬೇಕು. ಸುಲಭವೆಂದು ಪಕ್ಕದ ಮನೆಗೆ ಹೋಗಬಾರದು.

ಮೂರನೇ ಪಾಠ: ಎಷ್ಟು ಹೆಚ್ಚುಕಡಿಮೆ?

ಒಂದು ತಾಲೂಕಿನಲ್ಲಿ ಹೀಗೆ 400 ಜನರನ್ನು ಕೇಳಿದಾಗ 72 ಮಂದಿ ಕನ್ನಡ ಎಂದರು ಎನ್ನೋಣ. ಅಂದರೆ ಶೇ. 18. ಮಿತಿ ಶೇ. 15 ಆದ್ದರಿಂದ ಗೆದ್ದೆವು ಎನ್ನಬಹುದೇ? ಇಲ್ಲ. ಬೇರೆ ಚೀಟಿಗಳು ಬಂದಿದ್ದರೆ ಉತ್ತರವೂ ಸ್ವಲ್ಪ ಬದಲಾಗುತ್ತಿತ್ತು. ಸಂಖ್ಯಾಶಾಸ್ತ್ರದ ವಾಡಿಕೆಯ ಲೆಕ್ಕದಲ್ಲಿ ನಿಜವಾದ ಪ್ರಮಾಣ ಸುಮಾರು ಶೇ. 14ರಿಂದ 22ರ ನಡುವೆ ಎಲ್ಲಾದರೂ ಇರಬಹುದು. ಅದು 15ಕ್ಕಿಂತ ಕೆಳಗೂ ಇರಬಹುದು. 1,600 ಜನರನ್ನು ಕೇಳಿ ಅದೇ ಶೇ. 18 ಬಂದರೆ ಈ ಅಂತರ 16ರಿಂದ 20ಕ್ಕೆ ಇಳಿಯುತ್ತದೆ. ಆಗ ವಾದಕ್ಕೆ ಬಲ ಬರುತ್ತದೆ. ಅಂತರ ಅರ್ಧವಾಗಲು ನಾಲ್ಕು ಪಟ್ಟು ಜನ ಬೇಕು.

ನಾಲ್ಕನೇ ಪಾಠ: ಎಷ್ಟರಲ್ಲಿ ಎಷ್ಟು?

ಒಂದು ಲಕ್ಷ ಜನರ ತಾಲೂಕಿನಲ್ಲಿ 20 ಸಾವಿರ ಕನ್ನಡಿಗರಿದ್ದರೆ ಶೇ. 20. ಐದು ಲಕ್ಷದ ಇಡೀ ಜಿಲ್ಲೆಯಲ್ಲಿ ಕನ್ನಡಿಗರು ಇವರಷ್ಟೇ ಆಗಿದ್ದರೆ ಶೇ. 4. ಜನ ಅವರೇ, ಆದರೆ ಭಾಗಿಸುವ ಸಂಖ್ಯೆ ಬದಲಾಯಿತು. ಜಿಲ್ಲೆಯ ಶೇಕಡಾ ತೋರಿಸಿ ಮನವಿ ತಿರಸ್ಕರಿಸಿದರೆ ತಾಲೂಕಿನ ಲೆಕ್ಕ ಕೇಳಬೇಕು. ಜ್ಞಾಪನಾಪತ್ರದಲ್ಲಿ ಚಿಕ್ಕ ಪ್ರದೇಶಗಳ ಮಾತೂ ಇದೆ.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೆ ಹೋಯಿತು. 2027ರ ಮಾರ್ಚ್ 1ನ್ನು ಆಧಾರವಾಗಿಟ್ಟು ಗಣತಿ ನಡೆಸಲು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿದೆ. 2011ರ ನಮೂನೆಯಲ್ಲಿ ಮಾತೃಭಾಷೆಯ ಜೊತೆಗೆ ತಿಳಿದಿರುವ ಇನ್ನೆರಡು ಭಾಷೆಗಳನ್ನು ಬರೆಸಲು ಅವಕಾಶವಿತ್ತು. ಎರಡು ಭಾಷೆಯ ನಡುವೆ ಬದುಕುವ ನಾವು ಗಣತಿದಾರರು ಊಹಿಸಿ ಬರೆದುಕೊಳ್ಳಲು ಬಿಡದೆ, ಇದ್ದದ್ದನ್ನು ಇದ್ದಂತೆ ಹೇಳಿ ಬರೆಸೋಣ. ಉಬ್ಬಿಸಿದ ಅಂಕಿ ಒಂದು ಪ್ರಶ್ನೆಗೇ ಕುಸಿಯುತ್ತದೆ. ಸರಿಯಾಗಿ ಎಣಿಸಿದ ಸಣ್ಣ ಅಂಕಿಯನ್ನು ಮಾತ್ರ ಯಾವ ಕಚೇರಿಯ ಮೇಜಿನ ಮೇಲೂ ಧೈರ್ಯವಾಗಿ ಇಡಬಹುದು.