ಪರವೂರಿನಲ್ಲಿ ಬೆಳಗಿನ ಓಟ

ದಿನವೂ ಬೆಳಿಗ್ಗೆ ಎದ್ದು ಸ್ವಲ್ಪ ದೂರ ಓಡುವ ಅಭ್ಯಾಸವುಳ್ಳವರಿಗೆ ಪರವೂರಿಗೆ ಹೋದಾಗ ಒಂದು ತೊಂದರೆ ಉಂಟು. ಊಟಕ್ಕೂ ವಸತಿಗೂ ನೆಂಟರ ಮನೆಯೋ ಛತ್ರವೋ ಸಿಕ್ಕುತ್ತದೆ. ಓಡುವುದಕ್ಕೆ ತಕ್ಕ ಜಾಗವನ್ನು ತೋರಿಸುವವರು ಮಾತ್ರ ಸಿಕ್ಕುವುದಿಲ್ಲ. ಮದುವೆಗೋ ಆಸ್ಪತ್ರೆಗೋ ದಸರೆಗೋ ಹೋಗಿ ನಾಲ್ಕು ದಿನ ನಿಂತರೆ ನಾಲ್ಕು ದಿನವೂ ಅಭ್ಯಾಸ ತಪ್ಪುತ್ತದೆ. ಹೀಗೆ ಒಮ್ಮೆ ಬಿಟ್ಟದ್ದನ್ನು ಮತ್ತೆ ಹಿಡಿಯುವುದು ಸುಲಭವಲ್ಲ. ಐವತ್ತು ದಾಟಿದವರಿಗಂತೂ, ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಹೊಸ್ತಿಲಲ್ಲೇ ಕಾದು ನಿಂತಿರುವಾಗ, ಇದು ಸಣ್ಣ ಮಾತಲ್ಲ.

ಇಂಗ್ಲಿಷಿನವರು ಜಾಗಿಂಗ್ ಎನ್ನುವುದನ್ನು ನಾವು ಮೆಲ್ಲೋಟ ಎನ್ನಬಹುದು. ಇದು ಪಂದ್ಯದ ಓಟವಲ್ಲ. ಬಿರುಸು ನಡಿಗೆಗಿಂತ ಒಂದು ಮೆಟ್ಟಿಲು ಮೇಲು, ಅಷ್ಟೆ. ಬಲವಿದ್ದವರು ಕೂಡ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ವಾಗ್ಭಟನು ಹೇಳಿದ್ದಾನೆ. ಉಸಿರು ಬಾಯಿಗೆ ಬಂತೆಂದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕೆಂಬುದು ಸುಶ್ರುತನ ಮತ. ಓಡುತ್ತಲೇ ಜೊತೆಯವರೊಡನೆ ಮಾತನಾಡಲು ಸಾಧ್ಯವಾಗುವಷ್ಟು ವೇಗವೇ ಸಾಕೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಎರಡು ಮಾತಿನ ತಿರುಳೂ ಒಂದೇ.

ಹಾಗಾದರೆ ಒಳ್ಳೆಯ ಜಾಗ ಯಾವುದು? ಮೊದಲನೆಯದಾಗಿ ನೆಲವು ಮೆದುವಾಗಿರಬೇಕು. ಸಿಮೆಂಟಿನ ದಾರಿಯಲ್ಲಿ ದಿನವೂ ಓಡಿದರೆ ಮೊಣಕಾಲು ದೂರು ಹೇಳುತ್ತದೆ. ಮಣ್ಣಿನ ದಾರಿ ಹೆಜ್ಜೆಯ ಭಾರವನ್ನು ತಾನೂ ಸ್ವಲ್ಪ ಹೊರುತ್ತದೆ. ಎರಡನೆಯದು, ವಾಹನಗಳ ಹೊಗೆಯೂ ಭಯವೂ ಇರಬಾರದು. ಮೂರನೆಯದು, ಸುತ್ತಿ ಬಂದರೆ ಹೊರಟ ಕಡೆಗೇ ಸೇರುವಂತಿರಬೇಕು. ಹೊಸಬರಿಗೆ ದಾರಿ ತಪ್ಪುವ ಚಿಂತೆಯಿರುವುದಿಲ್ಲ. ನಾಲ್ಕನೆಯದು, ಆ ಹೊತ್ತಿನಲ್ಲಿ ನಾಲ್ಕು ಜನರ ಓಡಾಟವಿರಬೇಕು. ಹೆಂಗಸರಿಗೆ ಇದು ಬಲು ಮುಖ್ಯ. ಬೀದಿನಾಯಿಗಳ ವಿಷಯದಲ್ಲಿ ಗಂಡಸರಿಗೂ ಮುಖ್ಯವೇ.

ನಮ್ಮ ತಾಂಡ್ಯ, ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯವರು ಹೆಚ್ಚಾಗಿ ಹೋಗುವ ಪುರಾತನ ನಗರ ಮೈಸೂರು. ನೋಡುವವರ ಕಣ್ಣು ಅರಮನೆಯ ಮೇಲೆ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ತುತ್ತಾದ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಸೌಧ ಅದು. ಸೂರ್ಯ ಹುಟ್ಟುವ ಹೊತ್ತಿಗೆ ಅದರ ಕೋಟೆಯನ್ನು ಸುತ್ತುವುದು ಕಣ್ಣಿಗೆ ಹಬ್ಬವೇ ಸರಿ. ಆದರೆ ಅಲ್ಲಿ ನೆಲ ಗಟ್ಟಿ, ಬೇಗನೆ ವಾಹನಗಳೂ ತುಂಬುತ್ತವೆ. ದಸರೆಯ ದಿನಗಳಲ್ಲಂತೂ ಆ ಕಡೆ ಓಡುವ ಮಾತೇ ಬೇಡ.

ಇದಕ್ಕಿಂತ ಉತ್ತಮವಾದದ್ದು ಕುಕ್ಕರಹಳ್ಳಿ ಕೆರೆಯ ಏರಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೇಸಾಯದ ನೀರಿಗಾಗಿ ಆದ ಕೆರೆಯಿದು. 1960ರಲ್ಲಿ ಇದರ ಪಕ್ಕದಲ್ಲೇ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ತಲೆಯೆತ್ತಿತು. ಆ ಹೆಸರನ್ನಿಟ್ಟ ಕುವೆಂಪು ಅವರಿಗೆ ಈ ಕೆರೆಯ ದಂಡೆ ಪ್ರಿಯವಾದ ತಾಣವಾಗಿತ್ತು. ಮಣ್ಣಿನ ದಾರಿ, ಮರದ ನೆರಳು, ನೀರಿನ ಮೇಲಿಂದ ಬರುವ ತಂಗಾಳಿ, ಹಕ್ಕಿಗಳ ಸದ್ದು. ಸಾಧಾರಣ ಓಟಗಾರನಿಗೆ ಒಂದು ಸುತ್ತೇ ಸಾಕು. ನಾನು ಹೇಳಿದ ನಾಲ್ಕು ಗುಣಗಳೂ ಇಲ್ಲಿ ಒಟ್ಟಿಗೆ ಕೂಡಿವೆ.

ರಾಮಕೃಷ್ಣನಗರದ ಕಡೆ ನೆಂಟರಿರುವವರು ಲಿಂಗಾಂಬುಧಿ ಕೆರೆಗೆ ಹೋಗಬಹುದು. 1828ರಲ್ಲಿ ಮುಮ್ಮಡಿಯವರೇ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ್ದು ಅದು. ಕಾರಂಜಿಕೆರೆಯೂ ಚೆಲುವಾದದ್ದೇ, ಆದರೆ ಅದು ಮೃಗಾಲಯದ ಆಡಳಿತಕ್ಕೆ ಸೇರಿದ್ದು, ಪ್ರವೇಶಕ್ಕೆ ಹಣವೂ ಹೊತ್ತುಗೊತ್ತೂ ಉಂಟು. ಮೊದಲೇ ವಿಚಾರಿಸಿಕೊಂಡು ಹೋಗುವುದು ಲೇಸು. ಊರ ನಡುವೆ ಇಳಿದುಕೊಂಡವರಿಗೆ ಮಹಾರಾಜಾ ಕಾಲೇಜಿನ ಓವಲ್ ಮೈದಾನವಿದೆ.

ಚಾಮುಂಡಿಬೆಟ್ಟದ ಮೆಟ್ಟಿಲುಗಳ ಮಾತು ಬೇರೆ. ದೊಡ್ಡ ದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಕಟ್ಟಿಸಿದ ಸಾವಿರಕ್ಕೂ ಮೀರಿದ ಮೆಟ್ಟಿಲುಗಳಿವು. ಹತ್ತುವಾಗ ಎದೆಗೆ ಶ್ರಮ, ಇಳಿಯುವಾಗ ಮೊಣಕಾಲಿಗೆ. ಅಭ್ಯಾಸವಿಲ್ಲದವರು ಓಡುವ ಹಟ ತೊಡದೆ ನಡೆದೇ ಹೋಗಲಿ. ದೊಡ್ಡ ನಂದಿಯ ಬಳಿ ದಣಿವಾರಿಸಿಕೊಂಡು ಹಿಂದಿರುಗಿದರೂ ಕುಂದೇನಿಲ್ಲ.

ಪುರಾತನ ನಗರಗಳಲ್ಲಿ ಓಡುವ ಜಾಗಗಳು ದೊರೆಯುವುದು ಹೆಚ್ಚಾಗಿ ಹೀಗೆಯೇ: ಒಂದು ಉದ್ದೇಶಕ್ಕೆ ಕಟ್ಟಿದ್ದು ಮುಂದೆ ಇನ್ನೊಂದಕ್ಕೆ ಒದಗುತ್ತದೆ. ಇಟಲಿಯ ಲುಕ್ಕಾ ಪಟ್ಟಣದಲ್ಲಿ ಶತ್ರುಗಳಿಗೆ ಹೆದರಿ ಕಟ್ಟಿದ ಅಗಲವಾದ ಕೋಟೆಗೋಡೆ ಇಂದು ಮರಗಳ ಸಾಲಿನ ಕಾಲುದಾರಿ. ಸುತ್ತಳತೆ ನಾಲ್ಕು ಕಿಲೋಮೀಟರಿಗೂ ಮೇಲು. ವಿಯೆನ್ನಾದಲ್ಲಿ ಅರಸರು ಬೇಟೆಗೆಂದು ಇಟ್ಟುಕೊಂಡಿದ್ದ ಪ್ರಾಟರ್ ವನವನ್ನು ಎರಡನೆಯ ಜೋಸೆಫನು 1766ರಲ್ಲಿ ಜನರಿಗೆ ಬಿಟ್ಟುಕೊಟ್ಟ. ಅಲ್ಲಿನ ನೇರ ಸಾಲುಮರದ ದಾರಿಯಲ್ಲೇ 2019ರಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು ಎರಡು ಗಂಟೆಗೂ ಕಡಮೆ ಸಮಯದಲ್ಲಿ ಓಡಿ ಮುಗಿಸಿದ. ಅಲ್ಲಿ ಗೋಡೆ ಮತ್ತು ಬೇಟೆಯ ಕಾಡು. ಇಲ್ಲಿ ಕೆರೆಯ ಏರಿ.

ಆದರೆ ಗೋಡೆಯು ನಿಂತಂತೆ ಕೆರೆಯು ತಾನಾಗಿ ನಿಲ್ಲುವುದಿಲ್ಲ. ಕುಕ್ಕರಹಳ್ಳಿಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಊರು ಬೆಳೆದಂತೆ ಒತ್ತುವರಿಗೆ ಸಿಕ್ಕಿ ಕೆಟ್ಟಿತು. ಒಳಚರಂಡಿಯ ಕೊಳಕು ಕೆರೆಗೆ ಸೇರಿದ ಕಾಲವೂ ಉಂಟು. ನೀರು ನಾರಿದರೆ ದಾರಿಯಲ್ಲಿ ಓಡುವವರಾರು? ಕೆರೆಯನ್ನು ದಿನವೂ ಹತ್ತಿರದಿಂದ ನೋಡುವವರು ಓಡುವವರೂ ನಡೆಯುವವರೂ. ಕೆಡುಕು ಮೊದಲು ಅವರ ಕಣ್ಣಿಗೇ ಬೀಳುತ್ತದೆ. ಆದಕಾರಣ ಅದರ ಮೊದಲ ಕಾವಲುಗಾರರೂ ಅವರೇ. ಎರಡು ದಿನಕ್ಕೆಂದು ಬಂದ ಅತಿಥಿಗೂ ಈ ಕರ್ತವ್ಯದಲ್ಲಿ ಪಾಲಿದೆ. ಪ್ಲಾಸ್ಟಿಕ್ ಬಾಟಲಿಯನ್ನು ಅಲ್ಲಿ ಎಸೆಯದೆ ಹಿಂದಕ್ಕೆ ತಂದರೆ ಅಷ್ಟು ಸಂದಾಯವಾಯಿತು.

ಕೊನೆಗೆ ಕೆಲವು ಸೂಚನೆಗಳು. ಮೊದಲ ದಿನ ಓಡದೆ ನಡೆದು ದಾರಿಯನ್ನು ನೋಡಿಕೊಳ್ಳಿ. ಬೆಳಕು ಹರಿದ ಮೇಲೆ ಹೊರಡಿ. ಮನೆಯವರಿಗೆ ಯಾವ ಕಡೆ ಹೋಗುವಿರೆಂದು ಹೇಳಿ, ಅವರ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಎದೆಯ ಅಥವಾ ಕೀಲಿನ ಬೇನೆಯಿದ್ದವರು ವೈದ್ಯರನ್ನು ಕೇಳದೆ ಓಡಬಾರದು. ದಾರಿ ತಿಳಿಯದಿದ್ದರೆ ಏರಿಯ ಮೇಲೆ ದಿನವೂ ನಡೆಯುವ ಹಿರಿಯರೊಬ್ಬರನ್ನು ಕೇಳಿ. ದಾರಿಯ ಜೊತೆಗೆ ಊರಿನ ಕಥೆಯನ್ನೂ ಹೇಳಿಯಾರು. ನಗರವನ್ನು ನೋಡಿದಂತೆಯೂ ಆಯಿತು, ದೇಹಕ್ಕೆ ಸಲ್ಲಬೇಕಾದುದು ಸಂದಂತೆಯೂ ಆಯಿತು.