ಜಪಾನೀಯರ ಯುದ್ಧವಿದ್ಯೆಗಳು: ಅಂದು ಮತ್ತು ಇಂದು

ಜೂಡೋ, ಕರಾಟೆ ಮೊದಲಾದ ಜಪಾನೀ ವಿದ್ಯೆಗಳ ಹೆಸರನ್ನು ಕೇಳದ ಮನೆಯು ಈಗ ನಮ್ಮ ಪಟ್ಟಣಗಳಲ್ಲಿ ದೊರೆಯುವುದು ಕಷ್ಟ. ಮಕ್ಕಳು ಬಿಳಿಯ ಉಡುಪನ್ನು ತೊಟ್ಟು, ನಡುವಿಗೆ ಬಣ್ಣದ ಪಟ್ಟಿಯನ್ನು ಬಿಗಿದು, ಸಂಜೆಯ ವೇಳೆ ಅಭ್ಯಾಸಕ್ಕೆ ಹೋಗುವರು. ತಂದೆತಾಯಿಗಳು ಇದು ಬಹು ಪುರಾತನವಾದ ವಿದ್ಯೆಯೆಂದು ಭಾವಿಸಿ ಸಂತೋಷಪಡುವರು. ಆದರೆ ಇವುಗಳಲ್ಲಿ ಪುರಾತನವಾದುದೆಷ್ಟು, ನೂತನವಾದುದೆಷ್ಟು ಎಂದು ವಿಚಾರಿಸಿದವರು ವಿರಳ. ಜೂಡೋ ಹುಟ್ಟಿದ್ದು ೧೮೮೨ರಲ್ಲಿ. ಖಡ್ಗವಿದ್ಯೆಗೆ ಕೆಂಡೋ ಎಂಬ ಹೆಸರು ನೆಲೆಗೊಂಡದ್ದು ೧೯೧೯ರ ತರುವಾಯ. ಓಕಿನಾವ ದ್ವೀಪದ ಕರಾಟೆಯು ಟೋಕಿಯೋ ನಗರದ ಜನರಿಗೆ ಪರಿಚಯವಾದದ್ದು ೧೯೨೨ರಲ್ಲಿ. ಇವುಗಳ ಬೆನ್ನಿಗೆ ನಾಲ್ಕೈದು ನೂರು ವರ್ಷಗಳ ಬೇರೊಂದು ಪರಂಪರೆಯಿರುವುದು. ಆ ಹಳೆಯದಕ್ಕೂ ಈ ಹೊಸದಕ್ಕೂ ಇರುವ ಭೇದವೇನು, ಅದರಿಂದ ಗೃಹಸ್ಥರು ತಿಳಿಯತಕ್ಕದ್ದೇನು ಎಂಬುದನ್ನು ಇಲ್ಲಿ ವಿವೇಚಿಸೋಣ.

ಮೊದಲು ಹೆಸರುಗಳನ್ನು ನೋಡೋಣ. ಹಳೆಯ ವಿದ್ಯೆಗಳ ಹೆಸರು ಸಾಮಾನ್ಯವಾಗಿ ‘ಜುತ್ಸು’ ಎಂದು ಮುಗಿಯುವುದು. ಕೆಂಜುತ್ಸು ಎಂದರೆ ಖಡ್ಗಕೌಶಲ. ಜುಜುತ್ಸು ಎಂದರೆ ಎದುರಾಳಿಯ ಬಲಕ್ಕೆ ಬಾಗಿಕೊಟ್ಟು ಅವನನ್ನು ಕೆಡಹುವ ಮೃದುಕೌಶಲ. ಹೊಸವುಗಳ ಹೆಸರು ‘ಡೋ’ ಎಂದು ಮುಗಿಯುವುದು: ಕೆಂಡೋ, ಜೂಡೋ, ಐಕಿಡೋ. ಡೋ ಎಂದರೆ ದಾರಿ. ಬೌದ್ಧಗ್ರಂಥಗಳನ್ನು ಚೀನೀ ಭಾಷೆಗೆ ತಂದ ಪಂಡಿತರು ಅಷ್ಟಾಂಗಮಾರ್ಗವೆಂಬಲ್ಲಿಯ ‘ಮಾರ್ಗ’ ಶಬ್ದಕ್ಕೆ ಯಾವ ಅಕ್ಷರವನ್ನು ಬಳಸಿದರೋ ಅದೇ ಅಕ್ಷರವು ಇದು. ಕೌಶಲವು ಶತ್ರುವನ್ನು ಗೆಲ್ಲುವುದಕ್ಕೆ, ಮಾರ್ಗವು ತನ್ನನ್ನು ತಿದ್ದಿಕೊಳ್ಳುವುದಕ್ಕೆ ಎಂದು ಸ್ಥೂಲವಾಗಿ ಹೇಳಬಹುದು. ಆದರೆ ಈ ವಿಭಾಗವನ್ನು ಬಹಳ ಬಿಗಿಯಾಗಿ ಹಿಡಿಯಲಾಗದು. ತೊಕುಗಾವ ಪ್ರಭುಗಳಿಗೆ ಖಡ್ಗಗುರುವಾಗಿದ್ದ ಯಾಗ್ಯೂ ಮುನೆನೋರಿಯು ೧೬೩೨ರಲ್ಲಿ ರಚಿಸಿದ ಗ್ರಂಥದಲ್ಲಿಯೇ ಕೊಲ್ಲುವ ಖಡ್ಗ, ಬದುಕಿಸುವ ಖಡ್ಗ ಎಂಬ ವಿವೇಚನೆಯುಂಟು. ಧರ್ಮಚಿಂತನೆಯು ಹೊಸಬರು ಮಾತ್ರ ಕಂಡುಹಿಡಿದ ವಸ್ತುವಲ್ಲ.

೧೮೬೮ರಲ್ಲಿ ಮೇಯ್ಜಿ ಯುಗವು ಮೊದಲಾಗುವುದಕ್ಕೆ ಪೂರ್ವದಲ್ಲಿ ಸ್ಥಾಪಿತವಾದ ಸಂಪ್ರದಾಯಗಳಿಗೆ ‘ಕೋರ್ಯೂ’, ಅಂದರೆ ಹಳೆಯ ಧಾರೆಗಳು, ಎಂದು ಹೆಸರು. ಇವುಗಳಲ್ಲಿ ಬಹು ಪ್ರಾಚೀನವೆಂದು ಪ್ರಸಿದ್ಧವಾದದ್ದು ಕಾತೋರಿ ಶಿಂತೋ ರ್ಯೂ. ಹದಿನೈದನೆಯ ಶತಮಾನದಲ್ಲಿ ಈಝಾಸ ಇಯೆನಾವೊ ಎಂಬ ಯೋಧನು ಕಾತೋರಿ ದೇವಸ್ಥಾನದ ಆಶ್ರಯದಲ್ಲಿ ಇದನ್ನು ಸ್ಥಾಪಿಸಿದನೆಂದು ಪ್ರತೀತಿ. ೧೯೬೦ರಲ್ಲಿ ಚಿಬ ಪ್ರಾಂತದ ಸರಕಾರವು ಇದನ್ನು ತನ್ನ ಸಾಂಸ್ಕೃತಿಕ ಸಂಪತ್ತೆಂದು ಮನ್ನಿಸಿತು. ಖಡ್ಗ, ಈಟಿ, ದಂಡ, ಉದ್ದ ಹಿಡಿಯ ಬಾಗಿದ ಅಲಗು, ಎಸೆಯುವ ಅಲಗು, ಬರಿಗೈಯ ಕಾಳಗ, ಕೋಟೆಯನ್ನು ಕಟ್ಟುವ ಶಾಸ್ತ್ರ ಇವೆಲ್ಲವೂ ಈ ಒಂದೇ ಸಂಪ್ರದಾಯದಲ್ಲಿ ಅಡಕವಾಗಿರುವುವು. ಯೋಧನು ರಣರಂಗದಲ್ಲಿ ಏನನ್ನು ಎದುರಿಸಬೇಕಾಗುವುದೋ ತಿಳಿಯದಾದ್ದರಿಂದ ಸಮಗ್ರಶಿಕ್ಷಣವು ಅವನಿಗೆ ಅವಶ್ಯವಾಗಿದ್ದಿತು. ಶಿಷ್ಯನಾಗುವವನು ತನ್ನ ಬೆರಳಿನ ರಕ್ತದಿಂದ ಮುದ್ರೆಯೊತ್ತಿ ಪ್ರತಿಜ್ಞೆಮಾಡುವ ಪದ್ಧತಿಯೂ ಉಂಟು. ಬಣ್ಣಬಣ್ಣದ ಪಟ್ಟಿಗಳಿಗೆ ಅಲ್ಲಿ ಸ್ಥಾನವಿಲ್ಲ. ಹಲವು ವರ್ಷಗಳ ಅಭ್ಯಾಸವಾದ ಬಳಿಕ ಗುರುವು ಸುರುಳಿಯಲ್ಲಿ ಬರೆದ ಅಧಿಕಾರಪತ್ರವನ್ನು ಅನುಗ್ರಹಿಸುವನು.

ಹಳೆಯ ಸಂಪ್ರದಾಯಗಳ ಶಿಕ್ಷಣಕ್ರಮಕ್ಕೆ ‘ಕತಾ’ ಎಂದು ಹೆಸರು. ಇಬ್ಬರು ಎದುರುಬದುರಾಗಿ ನಿಂತು, ಮೊದಲೇ ಗೊತ್ತಾದ ಹೊಡೆತ ಮತ್ತು ಪ್ರತಿಹೊಡೆತಗಳನ್ನು ಅದೇ ಕ್ರಮದಲ್ಲಿ ನೂರಾರು ಸಲ ಆವರ್ತಿಸುವರು. ನಮ್ಮಲ್ಲಿ ವೇದಪಾಠಕರು ಪದಗಳನ್ನು ಕ್ರಮ ತಪ್ಪದಂತೆ ಹೇಳಿಕೊಟ್ಟು ಹೇಳಿಸುವ ರೀತಿಯನ್ನು ಬಲ್ಲವರಿಗೆ ಇದರ ತತ್ತ್ವವು ಸುಲಭವಾಗಿ ಗೋಚರಿಸುವುದು. ಖಡ್ಗದ ಕತಾದಲ್ಲಿ ಒಂದು ವಿಶೇಷವುಂಟು. ಮೊದಲು ಹೊಡೆಯುವವನು ‘ಉಚಿದಾಚಿ’. ಅವನಿಗೆ ಉತ್ತರಕೊಟ್ಟು ಗೆಲ್ಲುವವನು ‘ಶಿದಾಚಿ’. ಗೆಲ್ಲುವ ಪಾತ್ರವು ಶಿಷ್ಯನದು, ಸೋಲುವ ಪಾತ್ರವು ಗುರುವಿನದು ಅಥವಾ ಹಿರಿಯನದು! ಹಿರಿಯನು ನಿಜವಾದ ವೇಗದಿಂದಲೇ ಹೊಡೆಯಬೇಕು. ಆದರೆ ಕಿರಿಯನ ಶಕ್ತಿಯನ್ನರಿತು, ಅವನು ತಾಳಬಲ್ಲಷ್ಟಕ್ಕಿಂತ ಕೂದಲೆಳೆಯಷ್ಟು ಮಾತ್ರ ಹೆಚ್ಚಾಗಿ ಒತ್ತಬೇಕು. ಕಡೆಯಲ್ಲಿ ತಾನು ಸೋತು, ಸರಿಯಾದ ಗೆಲುವು ಎಂತಹದೆಂಬುದನ್ನು ಕಿರಿಯನ ಕೈಗೆ ಕಲಿಸಬೇಕು. ಪಾಠಹೇಳುವುದರಲ್ಲಿ ಆಯುಸ್ಸನ್ನು ಕಳೆದ ನನ್ನಂಥವರಿಗೆ ಇದಕ್ಕಿಂತ ಉತ್ತಮವಾದ ಗುರುಲಕ್ಷಣವು ತೋರದು. ಶಿಷ್ಯನಿಂದ ಪರಾಜಯವನ್ನು ಬಯಸಬೇಕೆಂಬ ನಮ್ಮ ಹಿರಿಯರ ಮಾತಿಗೆ ಇದು ನಿತ್ಯದ ಅಭ್ಯಾಸವೇ ಆಗಿರುವುದು.

ಹೀಗೆಂದಮಾತ್ರಕ್ಕೆ ಹಳೆಯದೆಲ್ಲವೂ ನಿರ್ದೋಷವೆಂದು ತಿಳಿಯತಕ್ಕದ್ದಲ್ಲ. ತೊಕುಗಾವರ ಕಾಲದಲ್ಲಿ ಎರಡೂವರೆ ಶತಮಾನ ದೇಶವು ಶಾಂತವಾಗಿದ್ದಿತು. ಯುದ್ಧದ ಪರೀಕ್ಷೆಯಿಲ್ಲದೆ ಕತಾಗಳು ಅನೇಕ ಕಡೆ ನೋಟಕ್ಕೆ ಚೆಲುವಾದ ನಾಟ್ಯವಾಗಿ ಪರಿಣಮಿಸಿದುವೆಂದು ಆಗಿನವರೇ ಆಕ್ಷೇಪಿಸಿದರು. ಅದಕ್ಕೆ ಪ್ರತೀಕಾರವಾಗಿ ಹದಿನೆಂಟನೆಯ ಶತಮಾನದಲ್ಲಿ ಕೆಲವು ಗುರುಗಳು ತಲೆ, ಎದೆ, ಮುಂಗೈಗಳಿಗೆ ಕವಚವನ್ನೂ, ಖಡ್ಗಕ್ಕೆ ಬದಲಾಗಿ ಬಿದಿರಿನ ಸೀಳುಗಳ ದಂಡವನ್ನೂ ಬಳಕೆಗೆ ತಂದರು. ಕೊಲೆಯ ಭಯವಿಲ್ಲದೆ ನಿಜವಾಗಿ ಹೊಡೆದಾಡಿ ಪರೀಕ್ಷಿಸುವ ದಾರಿಯು ಹೀಗೆ ತೆರೆಯಿತು. ಇಂದಿನ ಕೆಂಡೋ ಎಂಬುದರ ಬೇರು ಇಲ್ಲಿರುವುದು. ಆದುದರಿಂದ ಹೊಸತೆಂಬುದು ಪರದೇಶದಿಂದ ಬಂದು ಹಳೆಯದನ್ನು ಕೆಡಿಸಿತೆಂಬುದು ಸರಿಯಲ್ಲ. ಹಳೆಯದರ ಗರ್ಭದಲ್ಲಿಯೇ ಅದು ಬೆಳೆಯುತ್ತಿದ್ದಿತು.

೧೮೭೬ರಲ್ಲಿ ಸಾಮಾನ್ಯರು ಖಡ್ಗಧರಿಸಿ ತಿರುಗಬಾರದೆಂದು ರಾಜಶಾಸನವಾಯಿತು. ಸಾಮುರಾಯ್ ವರ್ಗದ ವೃತ್ತಿಯೂ ಮಾನ್ಯತೆಯೂ ಹೋದುವು. ಜುಜುತ್ಸುವನ್ನು ಕೇಳುವವರಿಲ್ಲದ ಆ ಕಾಲದಲ್ಲಿ ಕಾನೋ ಜಿಗೋರೋ ಎಂಬ ತರುಣರು ಅದನ್ನು ಕೈಹಿಡಿದರು. ಇವರು ಬಾಲ್ಯದಲ್ಲಿ ದುರ್ಬಲರಾಗಿದ್ದು ಸಹಪಾಠಿಗಳಿಂದ ಪೀಡಿತರಾದವರು. ಮುಂದೆ ಉಪಾಧ್ಯಾಯರನ್ನು ತರಬೇತುಮಾಡುವ ಟೋಕಿಯೋದ ಉನ್ನತ ವಿದ್ಯಾಲಯಕ್ಕೆ ಮುಖ್ಯಸ್ಥರಾದವರು. ಎರಡು ಹಳೆಯ ಸಂಪ್ರದಾಯಗಳಲ್ಲಿ ಕಲಿತ ಬಳಿಕ, ೧೮೮೨ರಲ್ಲಿ, ಎಯ್‌ಶೋಜಿ ಎಂಬ ಬೌದ್ಧಮಂದಿರದಲ್ಲಿ ಹನ್ನೆರಡು ಚಾಪೆಗಳ ಕೊಠಡಿಯೊಂದರಲ್ಲಿ ಕೊಡೋಕಾನ್ ಶಾಲೆಯನ್ನು ತೆರೆದರು.

ಕಾನೋ ಅವರು ಮಾಡಿದ್ದೇನು? ಕಣ್ಣು ಕುತ್ತಿಗೆಗಳಿಗೆ ಅಪಾಯಕರವಾದ ಏಟುಗಳನ್ನು ಕತಾಗಳಲ್ಲಿ ಮಾತ್ರ ಉಳಿಸಿ, ಎತ್ತಿಹಾಕುವುದು, ಹಿಡಿದೊತ್ತುವುದು ಮೊದಲಾದುವನ್ನು ಮುಕ್ತವಾಗಿ ಅಭ್ಯಾಸಮಾಡಲು ಬಿಟ್ಟರು. ಎಸೆಯುವುದನ್ನು ಕಲಿಯುವ ಮುನ್ನ ಬೀಳುವುದನ್ನು ಕಲಿಯಬೇಕೆಂದು ವಿಧಿಸಿದರು. ಹಿಡಿತಕ್ಕೆ ಸಿಕ್ಕಿದವನು ಕೈಯಿಂದ ಎರಡು ಸಲ ತಟ್ಟಿದರೆ ಒಡನೆಯೇ ಬಿಡತಕ್ಕದ್ದು. ಶಕ್ತಿಯ ಸದ್ವಿನಿಯೋಗ, ತನ್ನ ಮತ್ತು ಇತರರ ಕೂಡಿದ ಅಭ್ಯುದಯ ಎಂಬಿವೇ ಅವರ ಎರಡು ಸೂತ್ರಗಳು. ಯೋಗ್ಯತೆಯನ್ನು ಅಳೆಯುವ ಮೆಟ್ಟಲುಗಳನ್ನು ‘ಗೋ’ ಎಂಬ ಹಲಗೆಯಾಟದ ಪದ್ಧತಿಯಿಂದ ತೆಗೆದುಕೊಂಡರು. ಹಲವು ಬಣ್ಣದ ಪಟ್ಟಿಗಳಾದರೋ ಹೆಚ್ಚಾಗಿ ಇಪ್ಪತ್ತನೆಯ ಶತಮಾನದಲ್ಲಿ ಯೂರೋಪಿನಲ್ಲಿ ಬೆಳೆದುವು. ಈ ವಿದ್ಯೆಯು ಭರತಖಂಡಕ್ಕೂ ಬಂದಿತು. ರವೀಂದ್ರನಾಥ ಠಾಕೂರರು ೧೯೨೯ರಲ್ಲಿ ತಕಗಾಕಿ ಶಿಂಝೋ ಎಂಬ ಗುರುವನ್ನು ಶಾಂತಿನಿಕೇತನಕ್ಕೆ ಬರಮಾಡಿಕೊಂಡರು. ಅಲ್ಲಿ ಬಾಲಕಿಯರೂ ಜೂಡೋ ಕಲಿತರು.

ಕರಾಟೆಯ ಹೆಸರಿನಲ್ಲಿ ಒಂದು ಶಬ್ದವಿಚಾರವಿರುವುದು. ಓಕಿನಾವದಲ್ಲಿ ಮೊದಲು ಇದನ್ನು ‘ಚೀನದ ಕೈ’ ಎಂಬರ್ಥದ ಅಕ್ಷರಗಳಿಂದ ಬರೆಯುತ್ತಿದ್ದರು. ಫುನಾಕೋಶಿ ಗಿಚಿನ್ ಮೊದಲಾದವರು, ಉಚ್ಚಾರಣೆಯನ್ನು ಹಾಗೆಯೇ ಇಟ್ಟು, ‘ಬರಿಯ ಕೈ’ ಎಂಬರ್ಥದ ಅಕ್ಷರವನ್ನು ಬಳಕೆಗೆ ತಂದರು. ೧೯೩೬ರಲ್ಲಿ ನಾಹ ನಗರದಲ್ಲಿ ಗುರುಗಳು ಸಭೆಸೇರಿ ಇದನ್ನು ಒಪ್ಪಿದರು. ಈ ಹೊಸ ಅಕ್ಷರವೇ ಬೌದ್ಧಗ್ರಂಥಗಳಲ್ಲಿ ನಮ್ಮ ‘ಶೂನ್ಯ’ ಶಬ್ದಕ್ಕೆ ನಿಂತಿರುವುದು. ದಕ್ಷಿಣ ಭಾರತದ ಬೋಧಿಧರ್ಮನೇ ಈ ವಿದ್ಯೆಗಳಿಗೆಲ್ಲ ಮೂಲಪುರುಷನೆಂಬ ಕಥೆಯು ನಮಗೆ ಪ್ರಿಯವಾದುದಾದರೂ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಅವನ ಹೆಸರಿನಲ್ಲಿರುವ ವ್ಯಾಯಾಮಗ್ರಂಥವು ಅವನಿಗಿಂತ ಸಾವಿರ ವರ್ಷಕ್ಕೂ ಈಚಿನದು. ನಿಜವಾದ ಸಂಬಂಧವು ಶಬ್ದದಲ್ಲಿಯೂ ಚಿಂತನೆಯಲ್ಲಿಯೂ ಇರುವಾಗ ಕಟ್ಟುಕಥೆಯ ಹಂಗು ನಮಗೇಕೆ?

‘ಮಾರ್ಗ’ವೆಂದು ಹೆಸರಿಟ್ಟಮಾತ್ರಕ್ಕೆ ಎಲ್ಲವೂ ಸನ್ಮಾರ್ಗವಾಗದು. ೧೯೩೧ರಲ್ಲಿ ಜಪಾನು ಸರಕಾರವು ಪ್ರೌಢಶಾಲೆಗಳ ಬಾಲಕರಿಗೆ ಜೂಡೋ ಮತ್ತು ಕೆಂಡೋಗಳನ್ನು ಕಡ್ಡಾಯಗೊಳಿಸಿತು. ಮುಂದೆ ಯುದ್ಧದ ಹುಚ್ಚು ಏರಿದಂತೆಲ್ಲ, ಶೀಲವನ್ನು ಬೆಳೆಸತಕ್ಕ ಆ ಅಭ್ಯಾಸವೇ ಮಕ್ಕಳನ್ನು ರಣರಂಗಕ್ಕೆ ಸಿದ್ಧಪಡಿಸುವ ಸಾಧನವಾಯಿತು. ೧೯೪೫ರಲ್ಲಿ ಜಪಾನು ಸೋತ ಮೇಲೆ ಶಾಲೆಗಳಲ್ಲಿ ಇವು ನಿಷಿದ್ಧವಾದುವು. ಜೂಡೋ ೧೯೫೦ರಲ್ಲಿ ಶಾಲೆಗೆ ಮರಳಿತು. ಕೆಂಡೋ ಅದರ ಹಿಂದೆಯೇ ಬಂದಿತು. ಆಗ ಇವು ಕ್ರೀಡೆಗಳೆಂಬ ಹೆಸರಿನಿಂದ ಹಿಂದಿರುಗಿದುವು.

ಕ್ರೀಡೆಯಾದ ಬಳಿಕ ಗೆಲುವಿನ ಪ್ರಶ್ನೆಯು ಮುಂದೆ ಬಂದಿತು. ೧೯೬೪ರಲ್ಲಿ ಟೋಕಿಯೋದ ಒಲಿಂಪಿಕ್ ಕೂಟದಲ್ಲಿ ಜೂಡೋ ಮೊದಲು ಸೇರಿತು. ಆಗ ಹಾಲೆಂಡಿನ ಆಂಟನ್ ಹೇಸಿಂಕ್ ಎಂಬ ಮಹಾಕಾಯನು ಜಪಾನಿನ ಕಾಮಿನಾಗನನ್ನು ಅವನ ನೆಲದಲ್ಲಿಯೇ ಸೋಲಿಸಿದನು. ಹರ್ಷದಿಂದ ಚಾಪೆಯ ಮೇಲೆ ನುಗ್ಗಿದ ತನ್ನ ದೇಶದವರನ್ನು ಹೇಸಿಂಕನು ಕೈಯೆತ್ತಿ ತಡೆದು, ಸೋತವನ ಮರ್ಯಾದೆಯನ್ನು ಕಾದನು. ಕೆಂಡೋದಲ್ಲಿ ಇದು ನಿಯಮವೇ ಆಗಿರುವುದು: ಸರಿಯಾಗಿ ಹೊಡೆದವನು ಹಿಗ್ಗಿ ಕುಣಿದರೆ ಅವನ ಗೆಲುವಂಕವನ್ನು ರದ್ದುಮಾಡುವರು. ಜಪಾನಿನ ಕೆಂಡೋ ಮಂಡಲಿಯು ಒಲಿಂಪಿಕ್ ಕೂಟವನ್ನು ಸೇರಲು ಒಪ್ಪದಿರುವುದಕ್ಕೆ ಈ ಭಾವನೆಯೇ ಕಾರಣ. ಕರಾಟೆಯಾದರೋ ೨೦೨೧ರಲ್ಲಿ ಟೋಕಿಯೋದಲ್ಲಿ ನಡೆದ ಕೂಟದಲ್ಲಿ ಒಮ್ಮೆ ಸೇರಿ, ೨೦೨೪ರ ಪ್ಯಾರಿಸ್ ಕೂಟದಲ್ಲಿ ಸ್ಥಾನವನ್ನು ಕಳೆದುಕೊಂಡಿತು.

ಗೆಲುವಿನ ಆಸೆಗೆ ತೆತ್ತ ಬೆಲೆಯು ಇದಕ್ಕಿಂತ ದೊಡ್ಡದು. ೧೯೮೩ರಿಂದ ಸುಮಾರು ಮೂರು ದಶಕಗಳಲ್ಲಿ ಜಪಾನಿನ ಶಾಲೆಗಳ ಜೂಡೋ ಅಭ್ಯಾಸದಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಮೃತರಾದರು. ಬಹುಮಂದಿ ತಲೆಗೆ ಪೆಟ್ಟುಬಿದ್ದು ಸತ್ತವರು; ಅವರಲ್ಲಿ ಬೀಳುವುದನ್ನು ಇನ್ನೂ ಸರಿಯಾಗಿ ಕಲಿಯದ ಹೊಸಬರು ಅನೇಕರು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಒಟ್ಟುಗೂಡಿ ದನಿಯೆತ್ತಿದರು. ೨೦೧೨ರಲ್ಲಿ ಯುದ್ಧವಿದ್ಯೆಗಳು ಮಾಧ್ಯಮಿಕ ಶಾಲೆಗಳಲ್ಲಿ ಮತ್ತೆ ಕಡ್ಡಾಯವಾದಾಗ ಲೋಕದ ಕಣ್ಣು ಇದರ ಮೇಲೆ ಬಿದ್ದಿತು. ಶಿಕ್ಷಣಕ್ರಮವನ್ನು ತಿದ್ದಿದ ಮೇಲೆ ಮರಣಗಳು ಬಹುಮಟ್ಟಿಗೆ ತಗ್ಗಿದುವು. ೨೦೨೨ರಲ್ಲಿ ಜಪಾನಿನ ಜೂಡೋ ಮಂಡಲಿಯು ಪ್ರಾಥಮಿಕ ಶಾಲೆಯ ಮಕ್ಕಳ ರಾಷ್ಟ್ರೀಯ ವೈಯಕ್ತಿಕ ಪಂದ್ಯವನ್ನೇ ನಿಲ್ಲಿಸಿತು. ಹಿರಿಯರು ಎಳೆಯರನ್ನು ಗೆಲುವಿಗಾಗಿ ಹಿಂಸಿಸುವರೆಂಬುದೇ ಅದಕ್ಕೆ ಅವರು ಕೊಟ್ಟ ಕಾರಣ.

ಇವೆಲ್ಲವನ್ನೂ ತೂಗಿನೋಡಿದರೆ, ಹಳೆಯದು ಮೇಲೋ ಹೊಸದು ಮೇಲೋ ಎಂಬ ಪ್ರಶ್ನೆಯು ಹಿಂದೆ ಸರಿಯುವುದು. ಹಳೆಯದರಲ್ಲಿ ಸಮಗ್ರತೆಯೂ ಸಂಯಮವೂ ಇರುವುವು, ಆದರೆ ಪರೀಕ್ಷೆಯು ಕಡಿಮೆ; ಹೊಸದರಲ್ಲಿ ಮುಕ್ತವಾದ ಪರೀಕ್ಷೆಯೂ ಸರ್ವರಿಗೂ ಪ್ರವೇಶವೂ ಇರುವುವು, ಆದರೆ ಗೆಲುವಿನ ಮೋಹವು ಹೆಚ್ಚು. ಎರಡರಲ್ಲಿಯೂ ಸಾರಭೂತವಾದುದು ಒಂದೇ: ಎದುರಿಗೆ ನಿಂತವನ ದೇಹವನ್ನು ತನ್ನ ವಶಕ್ಕೆ ಒಪ್ಪಿಸಿದ ಒತ್ತೆಯೆಂದು ಕಾಯುವುದು. ಸೋತು ಕಲಿಸುವ ಉಚಿದಾಚಿಯೂ, ಎರಡು ತಟ್ಟಿಗೆ ಬಿಟ್ಟುಬಿಡುವ ಜೂಡೋಗಾರನೂ ಈ ಒಂದೇ ಧರ್ಮವನ್ನು ಪಾಲಿಸುವರು. ಅದು ತಪ್ಪಿದಲ್ಲಿ ಐನೂರು ವರ್ಷದ ಪರಂಪರೆಯೂ ಮಗುವನ್ನು ಕಾಯಲಾರದು.

ಆದುದರಿಂದ ಮಕ್ಕಳನ್ನು ಇಂತಹ ಶಾಲೆಗೆ ಸೇರಿಸಬೇಕೆಂದಿರುವ ಗೃಹಸ್ಥರು ಗುರುವಿನ ಪದಕಗಳನ್ನು ಎಣಿಸುವುದಕ್ಕೆ ಮೊದಲು ಒಂದೆರಡು ದಿನ ಅಭ್ಯಾಸದ ವೇಳೆಗೆ ಹೋಗಿ ಕುಳಿತು ನೋಡಲಿ. ಬೀಳುವುದನ್ನು ಮೊದಲು ಕಲಿಸುವರೋ? ತಲೆಗೆ ಪೆಟ್ಟಾದ ಹುಡುಗನನ್ನು ಆ ಕೂಡಲೆ ಕುಳ್ಳಿರಿಸಿ ವೈದ್ಯರಲ್ಲಿಗೆ ಕಳುಹುವರೋ, ಅಳುಬುರುಕನೆಂದು ಮೂದಲಿಸಿ ಮತ್ತೆ ನಿಲ್ಲಿಸುವರೋ? ದೊಡ್ಡ ಹುಡುಗರು ಚಿಕ್ಕವರೊಡನೆ ಹೇಗೆ ಆಡುವರು? ಈ ಮೂರಕ್ಕೂ ಸಮಾಧಾನಕರವಾದ ಉತ್ತರವು ದೊರೆತರೆ, ವಿದ್ಯೆಯು ಹಳೆಯದಾದರೂ ಹೊಸದಾದರೂ ಮಗುವನ್ನು ನಿಶ್ಚಿಂತೆಯಿಂದ ಅಲ್ಲಿ ಬಿಟ್ಟುಬರಬಹುದು.